ಒಂದು ಕುರ್ಚಿಯ ಇಬ್ಬರು ಸಾಹೇಬರು

ಮೊನ್ನೆ ಭಾನುವಾರ ನಮ್ಮ ಓಣಿಯ ಹಿರಿಯರ ಸಂಘದ ಸಭೆಗೆ ಕಾರ್ಯದರ್ಶಿಗಳು ಮನೆಯಿಂದ ಒಂದು ಹಸಿರು ಬಟ್ಟೆ ತಂದು ಮೇಜಿನ ಮೇಲೆ ಹಾಸಿದರು. ದಪ್ಪನೆಯ ಒರಟು ಬಟ್ಟೆ. ಟ್ರಂಕಿನಲ್ಲಿ ಎಷ್ಟು ವರ್ಷದಿಂದ ಮಡಿಚಿಟ್ಟಿದ್ದರೋ, ಬಿಚ್ಚುತ್ತಲೇ ನುಸಿಗುಳಿಗೆಯ ವಾಸನೆ ಮೂಗಿಗೆ ಹೊಡೆಯಿತು. ಅಧ್ಯಕ್ಷನೆಂದು ಮೇಜಿನ ಹಿಂದೆ ಕುಳಿತಿದ್ದವನು ಒಂದು ಲೋಟ ನೀರು ಕೇಳಿದೆ.

ಅಧ್ಯಕ್ಷ ಎಂದೊಡನೆ ದೊಡ್ಡ ಮನುಷ್ಯನೆಂದುಕೊಳ್ಳಬೇಡಿ. ಶಿಕಾರಿಪುರದ ಒಂದು ಓಣಿ, ಹದಿನೆಂಟು ಜನ ಮುದುಕರು, ಒಂದು ಬಾಡಿಗೆ ಕೋಣೆ, ಎರಡು ದಿನಪತ್ರಿಕೆ, ಒಂದು ಕೇರಂ ಬೋರ್ಡು. ಇಷ್ಟೇ ನನ್ನ ರಾಜ್ಯ. ಬೇರೆ ಯಾರೂ ಒಪ್ಪಲಿಲ್ಲವೆಂದು ನನ್ನ ತಲೆಗೆ ಕಟ್ಟಿದರು. ನಾನೂ ಬೇಡ ಬೇಡ ಎನ್ನುತ್ತಲೇ ಕುರ್ಚಿಯನ್ನು ಮುಂದಕ್ಕೆಳೆದುಕೊಂಡೆ. ಅಧಿಕಾರ ಹಿಡಿಯಷ್ಟಿದ್ದರೂ ಅಧಿಕಾರವೇ ನೋಡಿ. ಕೋಣೆಯ ಬೀಗ ತೆಗೆದು ಕಸ ಗುಡಿಸುವ ಶೇಖರಪ್ಪ ಹಿಂದಿನ ವಾರ ನನಗೆ ಎದುರು ಮಾತಾಡಿದ. ನಾಲ್ಕು ಜನರ ಮುಂದೆ ಮಾತಾಡಿದ. ಮನೆಗೆ ಹೋದವನೇ ಸಿಟ್ಟಿನಲ್ಲಿ ಅವನ ಮೇಲೊಂದು ದೂರು ಬರೆದೆ. ಸಂಘದ ದೂರನ್ನು ಅಧ್ಯಕ್ಷರಿಗೇ ಬರೆಯಬೇಕಲ್ಲ, ಹಾಗೆಯೇ ಬರೆದು ಕಾರ್ಯದರ್ಶಿಗಳ ಕೈಗೆ ಕೊಟ್ಟೆ. ಮೊನ್ನೆಯ ಸಭೆಯಲ್ಲಿ ಅವರು ಅದನ್ನು ನನ್ನ ಮುಂದಿಟ್ಟು, ದೂರು ಅಧ್ಯಕ್ಷರದ್ದೇ ಆದ್ದರಿಂದ ಅವರೇ ವಿಚಾರಿಸಿ ಅವರೇ ತೀರ್ಮಾನ ಹೇಳಿಬಿಡಲಿ, ಬೇಗ ಮುಗಿಯುತ್ತದೆ, ಇವನನ್ನು ಕೆಲಸದಿಂದ ಬಿಡಿಸಿ ಬೇರೆಯವನನ್ನು ನೋಡೋಣ ಎಂದರು. ಎಲ್ಲರೂ ತಲೆಯಾಡಿಸಿದರು. ಶೇಖರಪ್ಪ ಬಾಗಿಲ ಬಳಿ ಟವೆಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದ. ವಿಚಾರಣೆಗೆಂದು ಕಾರ್ಯದರ್ಶಿಗಳು ಆ ಬಟ್ಟೆ ಬಿಚ್ಚಿದ್ದು, ವಾಸನೆ ಬಂದದ್ದು ಆ ಗಳಿಗೆಗೇ.

ಆ ವಾಸನೆ ನನಗೆ ನಲವತ್ತು ವರ್ಷಕ್ಕೂ ಹಳೆಯ ಪರಿಚಯ. ಐವತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ನಾನು ಇಪ್ಪತ್ತಮೂರರ ಹುಡುಗ, ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತ. ಯಾವ ತಾಲ್ಲೂಕು ಎಂದು ಕೇಳಬೇಡಿ. ಒಂದು ಶಿಕಾರಿಪುರ, ಇನ್ನೊಂದು ಸೊರಬ. ಈ ಕಥೆಯಲ್ಲಿ ಎರಡೂ ಬರುತ್ತವೆ, ಯಾವುದು ಯಾವುದೆಂದು ನಾನು ಬಾಯಿ ಬಿಡುವುದಿಲ್ಲ. ಅಲ್ಲಿ ನಮ್ಮ ಅಮಲ್ದಾರರಾಗಿದ್ದ ಸಾಹೇಬರ ಮೊಮ್ಮಕ್ಕಳು ಈಗಲೂ ಸಿಕ್ಕಾಗ ನಮಸ್ಕಾರ ಎನ್ನುತ್ತಾರೆ. ಕೆಲಸವೇನೋ ಟೆಂಪರರಿ. ಟೆಂಪರರಿ ಎಂಬ ಮಾತನ್ನು ಅನುಭವಿಸಿದವನಿಗೇ ಗೊತ್ತು ಅದರ ರುಚಿ. ಸಾಹೇಬರು ಕೆಮ್ಮಿದರೆ ನನಗೆ ಜ್ವರ ಬರುತ್ತಿತ್ತು.

ಆಗ ಅಮಲ್ದಾರರೆಂದರೆ ಬರೀ ಕಂದಾಯದ ಅಧಿಕಾರಿಯಲ್ಲ, ತಾಲ್ಲೂಕಿನ ಮ್ಯಾಜಿಸ್ಟ್ರೇಟರೂ ಅವರೇ. ಬೆಳಿಗ್ಗೆ ಜಮೀನು, ಪಹಣಿ, ಕೆರೆ, ಕಂದಾಯ. ಮಧ್ಯಾಹ್ನ ಊಟವಾಗಿ ಬಂದರೆ ಕೋರ್ಟು. ಅದೇ ಕೋಣೆ, ಅದೇ ಮೇಜು, ಅದೇ ಬೆತ್ತದ ಕುರ್ಚಿ. ಬದಲಾಗುತ್ತಿದ್ದದ್ದು ಎರಡೇ. ದಫೇದಾರ್ ಮಲ್ಲಪ್ಪ ಬೀರುವಿನಿಂದ ಹಸಿರು ಬಟ್ಟೆ ತೆಗೆದು ಮೇಜಿಗೆ ಹಾಸುತ್ತಿದ್ದ, ಸಾಹೇಬರು ಗೂಟದಲ್ಲಿದ್ದ ಪೇಟ ತೆಗೆದು ತಲೆಗಿಡುತ್ತಿದ್ದರು. ಅಷ್ಟಾದರೆ ಅಮಲ್ದಾರರು ಹೋದರು, ಮ್ಯಾಜಿಸ್ಟ್ರೇಟರು ಬಂದರು ಎಂದು ಅರ್ಥ. ಬಟ್ಟೆಗೆ ಜಿರಳೆ ಹತ್ತಬಾರದೆಂದು ಮಲ್ಲಪ್ಪ ಅದರ ಮಡಿಕೆಯಲ್ಲಿ ನುಸಿಗುಳಿಗೆ ಇಡುತ್ತಿದ್ದ. ನನ್ನ ಮಟ್ಟಿಗೆ ನ್ಯಾಯದ ವಾಸನೆಯೆಂದರೆ ಅದೇ.

ಸಾಹೇಬರು ಕೆಟ್ಟವರಲ್ಲ, ಇದನ್ನು ಮೊದಲೇ ಹೇಳಿಬಿಡಬೇಕು. ಕೈಯೊಡ್ಡುವ ಚಾಳಿಯಿರಲಿಲ್ಲ. ಸಂವಿಧಾನದ ಪುಸ್ತಕವನ್ನು ಮೇಜಿನ ಮೇಲೆಯೇ ಇಟ್ಟುಕೊಂಡಿದ್ದರು. ಮಾಡುವ ಕೈ ಬೇರೆ ಇರಬೇಕು, ತೂಗುವ ಕೈ ಬೇರೆ ಇರಬೇಕು ಎಂದು ನಮಗೆ ಪಾಠ ಹೇಳುತ್ತಿದ್ದರು. ಇಷ್ಟರಲ್ಲೇ ಸರ್ಕಾರ ಎರಡನ್ನೂ ಬೇರೆ ಮಾಡುತ್ತದೆ, ಅಲ್ಲಿಯತನಕ ನಾವೇ ನಮ್ಮೊಳಗೆ ಬೇರೆಯಾಗಿರಬೇಕು ಎನ್ನುತ್ತಿದ್ದರು. ಹಾಗೆ ಬರೀ ಹೇಳುತ್ತಿರಲಿಲ್ಲ, ಇದ್ದೂ ತೋರಿಸುತ್ತಿದ್ದರು. ಮ್ಯಾಜಿಸ್ಟ್ರೇಟರಿಗೆ ಒಂದು ಜಮೀನಿನ ದಾಖಲೆ ಬೇಕಾದರೆ ಅಮಲ್ದಾರರಿಗೆ ಪತ್ರ ಬರೆಯುತ್ತಿದ್ದರು, ಅಂದರೆ ತಮಗೇ. ಪತ್ರ ಸಿದ್ಧಪಡಿಸುತ್ತಿದ್ದವನು ನಾನು, ಉತ್ತರ ಸಿದ್ಧಪಡಿಸುತ್ತಿದ್ದವನೂ ನಾನು. ಎರಡಕ್ಕೂ ಬೇರೆ ಬೇರೆ ರಿಜಿಸ್ಟರು. ಮಲ್ಲಪ್ಪ ಆ ಪತ್ರವನ್ನು ಹಿಡಿದು ಜಗಲಿಗೆ ಹೋಗಿ, ಹಂಡೆಯ ನೀರು ಕುಡಿದು, ಒಳಗೆ ಬಂದು ಅದೇ ಮೇಜಿನ ಇನ್ನೊಂದು ತುದಿಯಲ್ಲಿ ಇಡುತ್ತಿದ್ದ. ಒಮ್ಮೆ ಅಮಲ್ದಾರರ ಉತ್ತರ ತಡವಾಯಿತೆಂದು ಮ್ಯಾಜಿಸ್ಟ್ರೇಟರು ಖಾರವಾದ ಜ್ಞಾಪನ ಕಳಿಸಿದರು. ಅಮಲ್ದಾರರು ಕ್ಷಮೆ ಕೋರಿ ಹದಿನೈದು ದಿನ ಕೇಳಿದರು. ಮ್ಯಾಜಿಸ್ಟ್ರೇಟರು ಒಂದು ವಾರ ಮಾತ್ರ ಕೊಟ್ಟರು. ನಗು ತಡೆಯಲಾಗದೆ ನಾನು ದಾಖಲೆ ಕೋಣೆಗೆ ಹೋಗಿ ಬಾಯಿಗೆ ಕರ್ಚೀಫು ತುರುಕಿಕೊಂಡಿದ್ದೆ. ನಗುವವನಿಗೆ ಮುಂದೆ ಕಾದಿದ್ದದ್ದು ಗೊತ್ತಿರಲಿಲ್ಲ.

ಒಂದು ಹಳ್ಳಿಯಲ್ಲಿ ಕೆರೆಯ ಅಂಗಳ ಒತ್ತುವರಿಯಾಗಿದೆ ಎಂದು ಅರ್ಜಿ ಬಂತು. ಸಾಹೇಬರು ಸ್ಥಳ ತನಿಖೆಗೆ ಹೊರಟರು. ನಾನು ಕಾಗದದ ಚೀಲ ಹೊತ್ತು ಹಿಂದೆ, ಮಲ್ಲಪ್ಪ ಕೊಡೆ ಹಿಡಿದು ಪಕ್ಕದಲ್ಲಿ. ಬಸ್ಸಿಳಿದು ಎರಡು ಮೈಲಿ ನಡೆದೆವು. ಕೆರೆಯಲ್ಲಿ ನೀರು ಹಿಂದೆ ಸರಿದ ಜಾಗದಲ್ಲಿ ಕೆರಿಯಪ್ಪ ಎಂಬ ರೈತ ಭತ್ತ ಹಾಕಿದ್ದ. ತೆನೆ ಹಾಲು ತುಂಬಿ ಬಾಗಿತ್ತು. ಅವನು ಬದುವಿನ ಮೇಲೆ ಹುಲ್ಲು ಕೊಯ್ಯುತ್ತಿದ್ದ. ನಮ್ಮನ್ನು ಕಂಡು ಎದ್ದು ಬಂದ. ಸಾಹೇಬರು ಇದು ಸರ್ಕಾರದ ಜಾಗ, ಇವತ್ತೇ ಬಿಡು ಎಂದರು. ಅವನು ದಾರಿಗೆ ಅಡ್ಡವಾಗಿ ನಿಂತ. ಮುಖದಲ್ಲಿ ಸೊಕ್ಕಿರಲಿಲ್ಲ, ಗಾಬರಿಯಿತ್ತು.

"ಜಾಗ ಸರ್ಕಾರದ್ದೇ ಸ್ವಾಮಿ, ನಾ ಇಲ್ಲ ಅನ್ನಾಕಿಲ್ಲ. ತೆನೆ ಕೊಯ್ಕಳ್ಳ ಮಟ ಬಿಡ್ರಿ. ಆಮ್ಯಾಲೆ ನೀವು ಹೇಳ್ದಂಗೆ" ಎಂದ.

ಹೇಳುತ್ತ ಒಂದು ಹೆಜ್ಜೆ ಮುಂದೆ ಬಂದ. ಸಾಹೇಬರು ಒಂದು ಹೆಜ್ಜೆ ಹಿಂದೆ ಹೋದರು. ಹಿಂದೆ ಬದುವಿನ ಇಳಿಜಾರಿತ್ತು. ಬೂಟು ಜಾರಿ, ಸಾಹೇಬರು ಕಾಲುವೆಯ ಕೆಸರಿನಲ್ಲಿ ಕುಕ್ಕರಿಸಿದ ಹಾಗೆ ಕುಳಿತುಬಿಟ್ಟರು. ಪಂಚೆಯುಟ್ಟವನು ಕೆಸರಿನಲ್ಲಿ ಕುಳಿತರೆ ಅದೊಂದು ಬಗೆ, ಪ್ಯಾಂಟು ಕೋಟಿನವರು ಕುಳಿತರೆ ಅದು ಬೇರೆಯೇ. ಸುತ್ತ ನಿಂತ ಹತ್ತು ಜನರಲ್ಲಿ ಯಾರೋ ಕಿಸಕ್ಕೆಂದರು. ನಾನಲ್ಲ ಎಂದು ಈಗಲೂ ಪ್ರಮಾಣ ಮಾಡಲಾರೆ. ಕೆರಿಯಪ್ಪನೇ ಕೈಕೊಟ್ಟು ಎಬ್ಬಿಸಿದ. ಎಡಗೈ ಕೊಟ್ಟ, ಏಕೆಂದರೆ ಬಲಗೈಯಲ್ಲಿ ಕುಡುಗೋಲಿತ್ತು. ಅದು ಕೆಳಮುಖವಾಗಿ ತೂಗುತ್ತಿತ್ತು, ಅಲಗಿಗೆ ಹಸಿ ಹುಲ್ಲು ಮೆತ್ತಿಕೊಂಡಿತ್ತು. ಇದು ನನಗೆ ಚೆನ್ನಾಗಿ ನೆನಪಿದೆ.

ಮಾರನೆಯ ದಿನ ಬೆಳಿಗ್ಗೆ ಸಾಹೇಬರು ಮಹಜರು ಬರೆಸಿದರು. ಅವರು ಹೇಳುತ್ತ ಹೋದರು, ನಾನು ಬರೆಯುತ್ತ ಹೋದೆ. "ಸದರಿ ಕೆರಿಯಪ್ಪನು ಸರ್ಕಾರಿ ಕೆಲಸಕ್ಕೆ ಅಡ್ಡಿಪಡಿಸಿ, ಕುಡುಗೋಲು ಎತ್ತಿಕೊಂಡು ಮೇಲೆ ಬಂದು ಬೆದರಿಸಿದ್ದರಿಂದ" ಎಂಬಲ್ಲಿಗೆ ನನ್ನ ಲೇಖನಿ ನಿಂತಿತು. ಸಾಹೇಬರು ಕಿಟಕಿಯ ಆಚೆ ನೋಡುತ್ತಿದ್ದರು. "ಬರೀರಿ" ಎಂದರು. ಬರೆದೆ. ಟೆಂಪರರಿ ಮನುಷ್ಯ ಇನ್ನೇನು ಮಾಡಿಯಾನು? ಹಳ್ಳಿಯ ಪಟೇಲರೂ ಶಾನುಭೋಗರೂ ಕಣ್ಣು ಮುಚ್ಚಿ ರುಜು ಹಾಕಿದರು. ಕಾಗದ ಪೊಲೀಸರಿಗೆ ಹೋಯಿತು, ಕೆರಿಯಪ್ಪನ ಮೇಲೆ ಮೊಕದ್ದಮೆಯಾಯಿತು. ಮೊಕದ್ದಮೆ ಎಲ್ಲಿಗೆ ಬರಬೇಕು? ಮ್ಯಾಜಿಸ್ಟ್ರೇಟರ ಮುಂದೆ. ಅಂದರೆ ಸುತ್ತಿ ಬಳಸಿ ನಮ್ಮ ಮೇಜಿಗೇ ಬಂದು ಕುಳಿತಿತು. ಕೆಸರಿನಲ್ಲಿ ಬಿದ್ದವರೂ ಅವರೇ, ದೂರು ಕೊಟ್ಟವರೂ ಅವರೇ, ಜೈಲಿಗೆ ಕಳಿಸಬೇಕಾದವರೂ ಅವರೇ. ಬೇಲಿಯೇ ಎದ್ದು ಹೊಲ ಮೇಯ್ದರೆ ಎಂಬ ಗಾದೆಯನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆ, ಆ ಬೇಲಿಗೆ ನಾನೇ ಒಂದು ಗೂಟವಾಗಿದ್ದೇನೆಂದು ಆಗ ತಿಳಿಯಿತು.

ಕೆರಿಯಪ್ಪ ಜಾಮೀನಿನ ಮೇಲೆ ಹೊರಗಿದ್ದ. ಅವನ ಹೆಂಡತಿ ಎರಡು ದಿನಕ್ಕೊಮ್ಮೆ ಕಚೇರಿಯ ಜಗಲಿಗೆ ಬಂದು ಕೂರುತ್ತಿದ್ದಳು. ಏನೂ ಬೇಡುತ್ತಿರಲಿಲ್ಲ, ನಾನು ಹೊರಗೆ ಬಂದಾಗ ಒಂದೇ ಮಾತು ಕೇಳುತ್ತಿದ್ದಳು: "ಒಳಗ ಹಾಕ್ತಾರೇನ್ರೀ ಅವರನ್ನ?" ಕೊಯ್ಲಿಗೆ ಮೂರು ವಾರವಿತ್ತು. ಮನೆಯಲ್ಲಿ ಬೇರೆ ಗಂಡಸಿಲ್ಲವೆಂದು ಮಲ್ಲಪ್ಪ ಹೇಳಿದ. ನನಗೆ ಅನ್ನ ಸೇರಲೊಲ್ಲದು. ಬರೆಯುವಾಗಲೆಲ್ಲ 'ಎತ್ತಿಕೊಂಡು' ಎಂಬ ಮಾತು ಲೇಖನಿಯ ತುದಿಯಲ್ಲಿ ಕೂತಿರುತ್ತಿತ್ತು. ಆಕೆ ಬರುವ ಹೊತ್ತಿಗೆ ನಾನು ಹಿಂದಿನ ಬಾಗಿಲಿಂದ ಹೋಗುವುದನ್ನು ರೂಢಿ ಮಾಡಿಕೊಂಡೆ.

ಮೊಕದ್ದಮೆಯಲ್ಲಿ ಸಾಕ್ಷಿದಾರರ ಪಟ್ಟಿ ಇರುತ್ತದಲ್ಲ, ಅದರಂತೆ ಸಮನ್ಸು ಬರೆಯುವುದು ನನ್ನ ಕೆಲಸ. ಮೊದಲ ಸಾಕ್ಷಿ ಅಮಲ್ದಾರರು. ಎರಡನೆಯವನು ನಾನು. ಅಮಲ್ದಾರರಿಗೆ ಯಾರೂ ಸಮನ್ಸು ಕಳಿಸುವ ವಾಡಿಕೆಯಿರಲಿಲ್ಲ. ಅವರ ಮಹಜರನ್ನೇ ಸಾಕ್ಷಿಯೆಂದು ಸೇರಿಸಿ ಮುಂದೆ ಹೋಗುತ್ತಿದ್ದರು. ಹಳೆಯ ಗುಮಾಸ್ತರು ನನಗೆ ಹಾಗೆಯೇ ಹೇಳಿಕೊಟ್ಟಿದ್ದರು. ಆ ದಿನ ನಾನು ಪಟ್ಟಿಯನ್ನು ಮುಂದಿಟ್ಟುಕೊಂಡು ಬಹಳ ಹೊತ್ತು ಕುಳಿತೆ. ಮ್ಯಾಜಿಸ್ಟ್ರೇಟರು ಅಮಲ್ದಾರರಿಗೆ ಪತ್ರ ಬರೆಯಬಹುದಾದರೆ, ಜ್ಞಾಪನ ಕಳಿಸಬಹುದಾದರೆ, ಸಮನ್ಸು ಏಕೆ ಕಳಿಸಬಾರದು? ಬರೆದೆ. ಧೈರ್ಯದಿಂದ ಬರೆದೆ ಎಂದರೆ ನನ್ನ ಹೆಂಡತಿಯೇ ನಗುತ್ತಾಳೆ. ಮಸಿ ಚೆಲ್ಲಿ ಒಂದು ಕಾಗದ ಹಾಳಾಗಿ ಇನ್ನೊಂದು ತೆಗೆದುಕೊಂಡೆ. ಅದನ್ನು ರುಜುವಿಗೆ ಇಡುವ ಕಾಗದಗಳ ನಡುವೆ ಸೇರಿಸಿದೆ. ಸಾಹೇಬರು ಬಸ್ಸಿಗೆ ಹೊತ್ತಾಯಿತೆಂದು ಸರಸರನೆ ರುಜು ಹಾಕಿ ಎದ್ದರು.

ಮಲ್ಲಪ್ಪ ತೊಗರ್ಸಿಯವನು. ಓದು ಬರಹ ಅಷ್ಟಕ್ಕಷ್ಟೆ, ಆದರೆ ಪದ್ಧತಿಯಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಮಾರನೆಯ ಬೆಳಿಗ್ಗೆ, ಹಸಿರು ಬಟ್ಟೆಯಿಲ್ಲದ ಹೊತ್ತಿನಲ್ಲಿ, ಸಮನ್ಸು ಹಿಡಿದು ಜಗಲಿಗೆ ಹೋಗಿ, ನೀರು ಕುಡಿದು, ಒಳಗೆ ಬಂದು ಸಾಹೇಬರ ಮುಂದಿಟ್ಟ. ಮುಟ್ಟಿದ್ದಕ್ಕೆ ರುಜು ಬೇಕು ಸ್ವಾಮಿ ಎಂದ. ಸಾಹೇಬರು ಓದಿದರು. ಕೆಳಗಿದ್ದ ತಮ್ಮ ರುಜುವನ್ನು ನೋಡಿದರು. ನನ್ನ ಕಡೆ ನೋಡಿದರು. ನಾನು ಮಸಿಕುಡಿಕೆಗೆ ನೀರು ಬೆರೆಸುವ ಘನಕಾರ್ಯದಲ್ಲಿದ್ದೆ. ಅವರು ರುಜು ಹಾಕಿ ಕೊಟ್ಟರು. ಆಮೇಲಿನ ನಾಲ್ಕು ದಿನ ನಾನು ಬದುಕಿದ್ದೇ ಹೆಚ್ಚು. ಅವರು ಗಂಟೆ ಬಾರಿಸಿದಾಗಲೆಲ್ಲ ಈಗ ಮನೆಗೆ ಹೋಗು ಎನ್ನುತ್ತಾರೆ ಎಂದುಕೊಳ್ಳುತ್ತಿದ್ದೆ. ಬಯ್ದಿದ್ದರೆ ವಾಸಿಯಿತ್ತು.

ವಿಚಾರಣೆಯ ದಿನ ಬಂತು. ಹಸಿರು ಬಟ್ಟೆ ಹಾಸಿದ್ದಾಯಿತು, ಪೇಟ ಏರಿತು. ಕೆರಿಯಪ್ಪ ಕೈಮುಗಿದು ನಿಂತಿದ್ದ. ಹೆಂಡತಿ ಬಾಗಿಲಾಚೆ ಇದ್ದಳು. ಮೊದಲ ಸಾಕ್ಷಿಯನ್ನು ಕರೆಯಬೇಕು. ಮಲ್ಲಪ್ಪ ಎಂದಿನಂತೆ ಜಗಲಿಗೆ ಹೋಗಿ, ಎದೆ ಸೆಟೆಸಿ, ಬೀದಿಗೆಲ್ಲ ಕೇಳುವ ಹಾಗೆ ಅಮಲ್ದಾರ್ ಸಾಹೇಬರನ್ನು ಮೂರು ಸಲ ಕೂಗಿದ. ಅವರು ಇಲ್ಲೇ ಕುರ್ಚಿಯಲ್ಲಿ ಕುಳಿತಿದ್ದಾರೆ. ಕೂಗುವುದು ಅವನ ಕೆಲಸ, ಕೂಗಿದ. ಒಬ್ಬರೂ ನಗಲಿಲ್ಲ.

ಸಾಹೇಬರು ನಿಧಾನವಾಗಿ ಪೇಟ ತೆಗೆದು ಹಸಿರು ಬಟ್ಟೆಯ ಮೇಲಿಟ್ಟರು. ಎದ್ದರು. ಮೇಜನ್ನು ಸುತ್ತಿ ಬಂದು ಸಾಕ್ಷಿಯ ಕಟಕಟೆಯಲ್ಲಿ ನಿಂತರು. ಅಲ್ಲಿ ನಿಂತು ತಮ್ಮ ಕುರ್ಚಿಯ ಕಡೆ ನೋಡಿದರು. ಕುರ್ಚಿ ಖಾಲಿಯಿತ್ತು. ಅದನ್ನು ಅವರು ಅಷ್ಟು ದೂರದಿಂದ ಹಿಂದೆ ಯಾವತ್ತಾದರೂ ನೋಡಿದ್ದರೋ ಇಲ್ಲವೋ. ಬೆತ್ತದ ನಡುವೆ ತಗ್ಗು ಬಿದ್ದಿತ್ತು.

"ಏನ್ರೀ, ನನಗೆ ಪ್ರಮಾಣ ಹೇಳಿಸೋರು ಯಾರು?" ಎಂದು ಕೇಳಿದರು. ದನಿಯಲ್ಲಿ ಸಿಟ್ಟಿರಲಿಲ್ಲ.

"ಯಾರೂ ಇಲ್ಲ ಸಾರ್" ಎಂದೆ.

ಅವರು ಮೇಜಿನ ಬಳಿ ಬಂದು, ಕೂರದೆ, ನಿಂತುಕೊಂಡೇ ಒಂದು ಆದೇಶ ಬರೆದರು. ಈ ಮೊಕದ್ದಮೆಯಲ್ಲಿ ತಾವೇ ಸಾಕ್ಷಿಯಾದ್ದರಿಂದ ತಾವು ವಿಚಾರಿಸುವುದು ತಪ್ಪು, ಬೇರೆ ಕೋರ್ಟಿಗೆ ವರ್ಗಾಯಿಸಬೇಕೆಂದು ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಬರೆಯತಕ್ಕದ್ದು. ಸಂಜೆ ನನ್ನನ್ನು ಕರೆದು, ಆ ಸಮನ್ಸನ್ನು ಬೇಕೆಂದು ಬರೆದಿರೋ, ಮರೆತು ಬರೆದಿರೋ ಎಂದು ಕೇಳಿದರು. ಮರೆತು ಸಾರ್ ಎಂದೆ. ಮರೆತದ್ದೇ ಒಳ್ಳೆಯದಾಯಿತು ಎಂದು ಕಡತ ಮುಚ್ಚಿದರು.

ಮೊಕದ್ದಮೆ ಪಕ್ಕದ ತಾಲ್ಲೂಕಿಗೆ ಹೋಯಿತು. ಅಲ್ಲಿ ಕೂತವರೂ ಅಮಲ್ದಾರರೇ, ಆದರೆ ಕೆಸರಿನಲ್ಲಿ ಬಿದ್ದವರಲ್ಲ. ನಮ್ಮ ಸಾಹೇಬರು ಮಹಜರಿನಲ್ಲಿದ್ದಂತೆಯೇ ಸಾಕ್ಷಿ ಹೇಳಿ ಹೋಗಿ ಹಿಂದಿನ ಬೆಂಚಿನಲ್ಲಿ ಕುಳಿತರು. ಆಮೇಲೆ ನನ್ನನ್ನು ಕರೆದರು. ಕೆರಿಯಪ್ಪನ ಪರವಾಗಿ ವಕೀಲರಿರಲಿಲ್ಲ, ಮ್ಯಾಜಿಸ್ಟ್ರೇಟರೇ ಕೇಳಿದರು. ಕುಡುಗೋಲು ನೋಡಿದಿರಾ ಎಂದರು. ಕೈಯಲ್ಲಿತ್ತು ಎಂದೆ. ಎತ್ತಿದ್ದು ನೋಡಿದಿರಾ ಎಂದರು. ಹಿಂದಿನ ಬೆಂಚು ನನ್ನ ಬೆನ್ನನ್ನು ನೋಡುತ್ತಿತ್ತು. ಕೆಲಸ ಹೋದರೆ ಅಮ್ಮನಿಗೆ ಏನು ಹೇಳಲಿ ಎಂದು ಒಂದು ಮನಸ್ಸು, ಆ ಹೆಂಗಸಿಗೆ ಏನು ಹೇಳಲಿ ಎಂದು ಇನ್ನೊಂದು ಮನಸ್ಸು. ಅಡಕತ್ತರಿಯ ನಡುವೆ ಅಡಕೆ ಸಿಕ್ಕ ಹಾಗಾಗಿತ್ತು ನನ್ನ ಸ್ಥಿತಿ.

"ಎತ್ತಲಿಲ್ಲ. ಕೆಳಗೇ ಇತ್ತು" ಎಂದೆ.

"ಎತ್ತಿದ ಅಂತ ಈ ಮಹಜರಿನಲ್ಲಿ ಬರೆದೋರು ಯಾರು?"

"ನಾನೇ ಸ್ವಾಮಿ."

ಕೆರಿಯಪ್ಪನನ್ನು ಬಿಟ್ಟರು. ಅವನು ಕೋರ್ಟಿನ ಹೊರಗೆ ನನ್ನ ಮುಂದೆ ನಿಂತು ಏನೋ ಹೇಳಲು ಹೋಗಿ, ಕೊನೆಗೆ ಊರಿಗೆ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದ. ಅವನ ಹೆಂಡತಿ ಮಾತ್ರ ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ತೆನೆ ಕೊಯ್ದ ಮೇಲೆ ಅವನು ಜಾಗ ಬಿಟ್ಟನಂತೆ, ಹೇಳಿದ ಮಾತಿನಂತೆಯೇ.

ನಮ್ಮ ಊರಿಗೆ ಒಂದೇ ಬಸ್ಸು. ಅದರಲ್ಲಿ ಖಾಲಿಯಿದ್ದದ್ದು ಒಂದೇ ಸೀಟು, ಸಾಹೇಬರ ಪಕ್ಕದ್ದು. ನಾನು ನಿಂತೇ ಬರುತ್ತೇನೆಂದರೆ ಕಂಡಕ್ಟರ್ ಬಿಡಲಿಲ್ಲ. ಶಿರಾಳಕೊಪ್ಪದವರೆಗೆ ನಾನು ಮನಸ್ಸಿನಲ್ಲೇ ರಾಜೀನಾಮೆ ಪತ್ರದ ಒಕ್ಕಣೆ ಮಾಡುತ್ತಿದ್ದೆ. ಬಸ್ಸು ಅಲ್ಲಿ ನಿಂತಾಗ ಸಾಹೇಬರು ಕಿಟಕಿಯ ಕಡೆ ಮುಖವಿಟ್ಟುಕೊಂಡೇ ಹೇಳಿದರು:

"ಅವನು ಎತ್ತಿದ್ದನ್ನ ನಾನು ನೋಡಿದ್ದೀನಿ ಅಂತ್ಲೇ ತಿಳ್ಕೊಂಡಿದ್ದೆ ಕಣ್ರೀ. ದೇವರಾಣೆ. ಈಗ ಎಷ್ಟು ನೆನೆಸ್ಕೊಂಡ್ರೂ ಕಣ್ಣಿಗೆ ಬರೋದು ನನ್ನ ಕಾಲು ಜಾರಿದ್ದೊಂದೇ."

ನಾನು ಹೌದು ಸಾರ್ ಎಂದೆ. ನನ್ನ ಕೆಲಸ ಹೋಗಲಿಲ್ಲ. ಎರಡು ತಿಂಗಳಲ್ಲಿ ಬೇರೆ ಊರಿಗೆ ವರ್ಗವಾಯಿತು. ಅವರು ಮಾಡಿಸಿದ್ದೋ, ತಾನಾಗಿ ಬಂದದ್ದೋ, ಕೇಳುವ ಎದೆ ನನಗಿರಲಿಲ್ಲ. ಮುಂದೆ ಕೋರ್ಟು ಕಚೇರಿ ಎರಡೂ ಬೇರೆಯಾದವು. ಕೋರ್ಟಿಗೆ ಬೇರೆ ಮನೆ, ಬೇರೆ ಕುರ್ಚಿ, ಬೇರೆ ಮ್ಯಾಜಿಸ್ಟ್ರೇಟರು. ಒಮ್ಮೆ ಸಂತೆಯಲ್ಲಿ ಸಿಕ್ಕ ಮಲ್ಲಪ್ಪ, ಮೊದಲು ಜಗಲಿ ತನಕ ಹೋಗಿ ಬಂದರೆ ಸಾಕಿತ್ತು, ಈಗ ಕಾಗದ ಹಿಡಿದು ಬಿಸಿಲಿನಲ್ಲಿ ಅರ್ಧ ಮೈಲಿ ನಡೆಯಬೇಕು ಎಂದು ಗೊಣಗಿದ. ಆಗ ನಾವಿಬ್ಬರೂ ಬಿದ್ದು ಬಿದ್ದು ನಕ್ಕಿದ್ದೆವು. ಸರ್ಕಾರ ಬೇರೆ ಮಾಡಿತು, ಇನ್ನು ಈ ಕಾಟ ಮುಗಿಯಿತು ಎಂದು ನಾನು ನಂಬಿದ್ದೆ.

ಈಗ ಮತ್ತೆ ಮೊನ್ನೆಯ ಸಭೆಗೆ ಬರೋಣ. ನೀರು ಬಂತು, ಕುಡಿದೆ. ಕಾರ್ಯದರ್ಶಿಗಳು ನನ್ನ ದೂರನ್ನು ನನ್ನ ಕೈಗೇ ಕೊಟ್ಟು ಓದಿ ಎಂದರು. ಕನ್ನಡಕ ಏರಿಸಿದೆ. ಮೇಲೆ 'ಇವರಿಗೆ, ಅಧ್ಯಕ್ಷರು' ಎಂದಿತ್ತು, ಕೆಳಗೆ ನನ್ನ ರುಜು. ನಡುವೆ ನನ್ನದೇ ಗುಂಡಗಿನ ಅಕ್ಷರದಲ್ಲಿ ಹೀಗಿತ್ತು: 'ಕೋಣೆಯನ್ನು ತಡವಾಗಿ ತೆರೆದದ್ದೇಕೆಂದು ಕೇಳಿದ್ದಕ್ಕೆ ಸದರಿ ಶೇಖರಪ್ಪನು ಪೊರಕೆ ಎತ್ತಿಕೊಂಡು ನನ್ನ ಮೇಲೆ ಬಂದನು.'

ಕಣ್ಣು ಮುಚ್ಚಿ ಆ ದಿನವನ್ನು ನೆನೆಸಿಕೊಂಡೆ. ಅವನು ಕಸ ಗುಡಿಸುತ್ತಿದ್ದ. ಹೆಂಡತಿಯನ್ನು ಆಸ್ಪತ್ರೆಗೆ ತೋರಿಸಿ ಬಂದೆ, ತಡವಾಯಿತು, ಅದನ್ನು ಇಷ್ಟು ಜನರ ಮುಂದೆ ಕೇಳಬೇಕಿತ್ತೇನ್ರೀ ಎಂದಿದ್ದ. ಕೇರಂ ಆಡುತ್ತಿದ್ದ ನಾಲ್ವರು ತಲೆಯೆತ್ತಿ ನನ್ನನ್ನು ನೋಡಿದ್ದರು. ಪೊರಕೆ ಎಲ್ಲಿತ್ತು? ಎಷ್ಟು ಹುಡುಕಿದರೂ ಅದು ನೆಲಬಿಟ್ಟು ಮೇಲೆ ಬರಲೊಲ್ಲದು. ಕಣ್ಣಿಗೆ ಬರುವುದು ಆ ನಾಲ್ಕು ಮುಖಗಳು ಮಾತ್ರ.

ಮೇಜಿನ ಮೇಲೆ ಎರಡೂ ಕೈಯೂರಿ ಎದ್ದೆ. ಮಂಡಿ ನೋವು, ಎದ್ದದ್ದು ಭರ್ಜರಿಯಾಗಿರಲಿಲ್ಲ. ಮೇಜು ಸುತ್ತಿಕೊಂಡು ಬಂದು ಬಾಗಿಲ ಬಳಿ ಶೇಖರಪ್ಪನ ಪಕ್ಕ ನಿಂತೆ. ಕಾರ್ಯದರ್ಶಿಗಳು ಗಾಬರಿಯಾಗಿ ಏನಾಯಿತು, ಮೈಗೆ ಹುಷಾರಿಲ್ಲವೇ ಎಂದರು. ದೂರು ಕೊಟ್ಟವನು ನಾನು, ಆ ಕುರ್ಚಿಯಲ್ಲಿ ಬೇರೆ ಯಾರಾದರೂ ಕೂತುಕೊಳ್ಳಿ, ನನ್ನನ್ನು ಕೇಳಿ ಎಂದೆ. ಯಾರೂ ಏಳಲಿಲ್ಲ. ಹದಿನೇಳು ಮುದುಕರು ಖಾಲಿ ಕುರ್ಚಿಯನ್ನೂ ನನ್ನನ್ನೂ ಸರದಿಯ ಮೇಲೆ ನೋಡಿದರು. ಕೊನೆಗೆ ಶೇಖರಪ್ಪನೇ ಮೆಲ್ಲಗೆ ನನ್ನ ತೋಳು ಮುಟ್ಟಿದ.

"ಹೋಗ್ಲಿ ಬಿಡ್ರಿ ಯಜಮಾನ್ರೆ, ನಂದೂ ಬಾಯಿ ಜಾಸ್ತಿ ಆತು. ನೀವು ಕೂತ್ಕಳ್ರಿ, ಮಂಡಿ ನೋವು ನಿಮಗೆ" ಎಂದ.

"ನೀನು ಪೊರಕೆ ಎತ್ತಿದ್ಯಾ ಶೇಖರಪ್ಪ?" ಎಂದು ಕೇಳಿದೆ.

ಅವನು ನನ್ನ ಮುಖವನ್ನೇ ನೋಡಿದ. "ಇಲ್ರಿ" ಎಂದ.

"ಹೌದು, ಎತ್ತಲಿಲ್ಲ" ಎಂದು ನಾನು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ.